ಕಿಟ್ಟೆಲ್: ಒಂದು ಅಂಗಿಯ ಹೆಸರು ಮನೆತನದ ಹೆಸರಾದ ಬಗೆ

ಜರ್ಮನಿಯ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೊರಟ ನರ್ಸ್‌ಗಳಿಗೆ ನಾನು ಕೆಲವು ವರ್ಷಗಳಿಂದ ಜರ್ಮನ್ ಭಾಷೆಯನ್ನು ಕಲಿಸುತ್ತಿದ್ದೇನೆ. ಅದಕ್ಕೂ ಮೊದಲಿನಿಂದ ಜನನ, ವಿವಾಹ ಮತ್ತು ಚರ್ಚ್ ದಾಖಲೆಗಳನ್ನು ಅನುವಾದಿಸುವುದು ನನ್ನ ವೃತ್ತಿ. ಉಡುಪುಗಳ ಪಾಠಕ್ಕೆ ಬಂದಾಗ, ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಏಪ್ರನ್ ಎಂದು ಕರೆಯುವ ಬಿಳಿ ಕೋಟಿಗೆ ಜರ್ಮನ್ನರು 'ಕಿಟ್ಟೆಲ್' ಎನ್ನುತ್ತಾರೆಂದು ಹೇಳುತ್ತೇನೆ. ಒಮ್ಮೆ ಧಾರವಾಡದ ವಿದ್ಯಾರ್ಥಿನಿಯೊಬ್ಬಳು ಬರೆಯುವುದನ್ನು ನಿಲ್ಲಿಸಿ, "ಸರ್, ನಾನು ಓದಿದ್ದು ಕಿಟೆಲ್ ಕಾಲೇಜಿನಲ್ಲಿ. ಆ ಹೆಸರಿಗೂ ಈ ಕೋಟಿಗೂ ಸಂಬಂಧ ಇದೆಯೇ?" ಎಂದು ಕೇಳಿದಳು. ಇದೆ ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದಿತ್ತು. ಆದರೆ ಮನೆತನದ ಹೆಸರುಗಳ ವಿಷಯದಲ್ಲಿ ಪದದ ಅರ್ಥ ಬೇರೆ, ಆ ಪದ ಒಬ್ಬನಿಗೆ ಹೆಸರಾಗಿ ಅಂಟಿಕೊಂಡ ಕಾರಣ ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸುವವರನ್ನು ನಾನು ನನ್ನ ಕೆಲಸದಲ್ಲಿ ಬಹಳ ನೋಡಿದ್ದೇನೆ. ಆದ್ದರಿಂದ ಅವಳಿಗೆ ಅಂದು ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಪದವನ್ನು ನೋಡೋಣ. ಮಧ್ಯಯುಗದ ಜರ್ಮನ್ನಿನಲ್ಲಿ 'ಕಿಟೆಲ್' ಎಂದರೆ ಗಂಡಸರೂ ಹೆಂಗಸರೂ ಮೇಲೆ ಧರಿಸುತ್ತಿದ್ದ ಹಗುರವಾದ, ಸಡಿಲವಾದ ಮೇಲಂಗಿ. ಈ ಪದದ ಮೂಲ ಅರಬ್ಬಿಯಲ್ಲಿ ಹತ್ತಿಗೆ ಇರುವ ಪದವೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಅದು ಇಂದಿಗೂ ವಿವಾದಾಸ್ಪದವಾಗಿಯೇ ಉಳಿದಿದೆ. ಜರ್ಮನಿಯೊಳಗೇ ಪ್ರದೇಶದಿಂದ ಪ್ರದೇಶಕ್ಕೆ ಪದದ ಅರ್ಥ ಸರಿದಿದೆ. ಸಾಮಾನ್ಯ ಬರಹದ ಜರ್ಮನ್ನಿನಲ್ಲಿ ಅದು ಕೆಲಸದ ಅಂಗಿ, ಪ್ರಯೋಗಾಲಯದ ಕೋಟು, ವೈದ್ಯರ ಕೋಟು. ಆಸ್ಟ್ರಿಯಾದ ಆಡುಮಾತಿನಲ್ಲಿ ಅದು ಹೆಂಗಸರ ಲಂಗ. ಸ್ವಾಬಿಯಾದಲ್ಲಿ ಗಂಡಸರ ಜಾಕೆಟ್. ಜರ್ಮನ್ ಗಡಿಯನ್ನು ದಾಟಿಯೂ ಈ ಪದ ದೂರ ಹೋಗಿದೆ. ರಷ್ಯನ್ನಿನಲ್ಲಿ 'ಕಿತೆಲ್' ಎಂದರೆ ಸೇನೆಯವರ ಸಮವಸ್ತ್ರದ ಮೇಲಂಗಿ. ಯಿಡ್ಡಿಶ್ ಮಾತಾಡುವ ಯಹೂದಿಗಳಲ್ಲಿ 'ಕಿಟ್ಲ್' ಎಂದರೆ ಯೋಮ್ ಕಿಪ್ಪುರ್ ಉಪವಾಸದ ದಿನ ಗಂಡಸರು ತೊಡುವ ಬಿಳಿಯ ನಿಲುವಂಗಿ. ಮದುವೆಯ ದಿನ ವರನಿಗೆ ತೊಡಿಸುವ ಪದ್ಧತಿ ಕೆಲವರಲ್ಲಿದೆ, ಸತ್ತವರನ್ನು ಹೂಳುವಾಗ ತೊಡಿಸುವುದೂ ಅದನ್ನೇ.

ಉಡುಪಿನ ಹೆಸರು ಮನುಷ್ಯನಿಗೆ ಅಂಟಿದ್ದು ಹೇಗೆ? ಜರ್ಮನ್ ಮಾತಾಡುವ ನಾಡುಗಳಲ್ಲಿ ಮನೆತನದ ಹೆಸರುಗಳು ಸುಮಾರು 12ನೆಯ ಶತಮಾನದಿಂದ ಮೊದಲು ಪಶ್ಚಿಮದ ಮತ್ತು ದಕ್ಷಿಣದ ನಗರಗಳಲ್ಲಿ ಕಾಣಿಸಿಕೊಂಡು, 15ನೆಯ ಶತಮಾನದ ಹೊತ್ತಿಗೆ ಬಹುಪಾಲು ಕಡೆ ನೆಲೆಗೊಂಡವು. ತಂದೆಯ ಹೆಸರು, ಊರಿನ ಹೆಸರು, ವಾಸದ ಜಾಗ, ಕಸುಬು, ಅಡ್ಡಹೆಸರು ಎಂಬ ಐದು ಮೂಲಗಳಲ್ಲಿ ಒಂದರಿಂದ ಹೆಚ್ಚಿನ ಹೆಸರುಗಳು ಹುಟ್ಟಿವೆ. ಇಂದು ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಮ್ಯುಲ್ಲರ್, ಷ್ಮಿಟ್, ಷ್ನೈಡರ್, ಫಿಷರ್, ವೇಬರ್ ಎಂಬ ಐದೂ ಹೆಸರುಗಳು ಕಸುಬಿನಿಂದ ಬಂದವು: ಗಿರಣಿಯವನು, ಕಮ್ಮಾರ, ದರ್ಜಿ, ಮೀನುಗಾರ, ನೇಕಾರ. ಕಿಟ್ಟೆಲ್ ಎಂಬುದು ಕಸುಬು ಮತ್ತು ಅಡ್ಡಹೆಸರು ಎಂಬ ಎರಡು ಮೂಲಗಳ ನಡುವೆ ನಿಲ್ಲುತ್ತದೆ. ಅಂಥ ಅಂಗಿಯನ್ನು ಹೊಲಿಯುತ್ತಿದ್ದ ದರ್ಜಿಯನ್ನು ಊರಿನವರು ಅವನ ಸರಕಿನ ಹೆಸರಿನಿಂದಲೇ ಕರೆದಿರಬಹುದು. ಇಲ್ಲವೇ ಎಲ್ಲರ ಕಣ್ಣಿಗೂ ಬೀಳುವಂಥ ಅಂಗಿಯನ್ನು ಸದಾ ತೊಡುತ್ತಿದ್ದವನಿಗೆ ಆ ಅಂಗಿಯೇ ಗುರುತಾಗಿರಬಹುದು. ಧಾರವಾಡದ ವಿದ್ಯಾರ್ಥಿನಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಕಂಬಳಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳ ನಡುವೆ ಬೆಳೆದವರಿಗೆ, ವಸ್ತುವಿನ ಹೆಸರು ಮನೆತನಕ್ಕೆ ಬರುವುದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಕಂಬಳಿ ಎಂಬ ಮನೆತನದವರು ಕಂಬಳಿ ನೇಯ್ದವರೋ, ಮಾರಿದವರೋ, ಹೊದ್ದವರೋ ಎಂಬುದನ್ನು ಹೆಸರೊಂದೇ ಹೇಳಲಾರದು ಎಂಬುದೂ ಅವರಿಗೆ ಗೊತ್ತಿರುತ್ತದೆ.

ಇದೇ ಪದಕ್ಕೆ 'ಎರ್' ಎಂಬ ಪ್ರತ್ಯಯ ಸೇರಿದರೆ ಕಿಟ್ಲರ್ ಆಗುತ್ತದೆ. ಆ ಹೆಸರಿಗೆ ಅಂಗಿ ಹೊಲಿಯುವವನೆಂಬ ಅರ್ಥವನ್ನು ಧೈರ್ಯವಾಗಿ ಹೇಳಬಹುದು. ಪ್ರತ್ಯಯವಿಲ್ಲದ ಕಿಟ್ಟೆಲ್‌ಗೆ ಆ ಖಚಿತತೆಯಿಲ್ಲ.

ಧ್ವನಿಸಾಮ್ಯವನ್ನು ನಂಬಿ ದಾರಿ ತಪ್ಪಿದವರು ಕೇಳುವ ಇನ್ನೊಂದು ಪ್ರಶ್ನೆ, ಇದು ಇಂಗ್ಲಿಷಿನ 'ಕೆಟಲ್' ಅಲ್ಲವೇ ಎಂಬುದು. ಅಲ್ಲ. ಸುಮಾರು 1500 ವರ್ಷಗಳ ಹಿಂದೆ ದಕ್ಷಿಣದ ಜರ್ಮನ್ ನುಡಿಗಳಲ್ಲಿ ವ್ಯಂಜನಗಳ ದೊಡ್ಡ ಪಲ್ಲಟವೊಂದು ನಡೆದು, ಸ್ವರದ ನಂತರ ಬರುವ ಟಕಾರವು ಸಕಾರವಾಯಿತು. ಇಂಗ್ಲಿಷಿನ 'ವಾಟರ್' ಜರ್ಮನ್ನಿನಲ್ಲಿ 'ವಾಸ್ಸರ್' ಆಗಿರುವುದು ಇದರಿಂದಲೇ. ಹಾಗೆಯೇ 'ಕೆಟಲ್' ಅಲ್ಲಿ 'ಕೆಸ್ಸೆಲ್' ಆಗಿದೆ, ಅದರಿಂದ ಕೆಸ್ಸ್ಲರ್ ಎಂಬ ಬೇರೆಯೇ ಮನೆತನದ ಹೆಸರು ಬಂದಿದೆ. ಉತ್ತರದ ತಗ್ಗುನಾಡಿನ ಜರ್ಮನ್ನಿಗೆ ಈ ಪಲ್ಲಟ ತಟ್ಟಲಿಲ್ಲ, ಅಲ್ಲಿ 'ಕೇಟೆಲ್' ಎಂಬ ರೂಪವೇ ಉಳಿಯಿತು. ಆದರೆ ಕಿಟ್ಟೆಲ್ ಎಂಬ ಹೆಸರು ದಟ್ಟವಾಗಿರುವುದು ಆ ಉತ್ತರದಲ್ಲಲ್ಲ. ಸ್ವರವೂ ಬೇರೆ, ನೆಲೆಯೂ ಬೇರೆ. ನಮ್ಮ ಕಿಟ್ಟಣ್ಣ, ಕಿಟ್ಟಿಗಳೊಡನೆ ಈ ಹೆಸರಿಗಿರುವ ಹೋಲಿಕೆ ಬರಿಯ ಆಕಸ್ಮಿಕ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ; ಆದರೂ ಅದನ್ನು ನಂಬಿದ ಹಿರಿಯರೊಬ್ಬರು ನನ್ನೊಡನೆ ಪ್ರೀತಿಯಿಂದ ವಾದಿಸಿದ್ದುಂಟು.

ಹೆಸರಿನ ನೆಲೆ ಎಂದೆ. ನನ್ನ ಅನುಭವದಲ್ಲಿ ಮನೆತನದ ಹೆಸರಿನ ವಿಷಯದಲ್ಲಿ ನಿಘಂಟಿಗಿಂತ ನಕ್ಷೆಯೇ ಹೆಚ್ಚು ಕಲಿಸುತ್ತದೆ. ಕಿಟ್ಟೆಲ್ ಎಂಬುದು ಮುಖ್ಯವಾಗಿ ಜರ್ಮನ್ ನುಡಿಯ ಪೂರ್ವ-ಮಧ್ಯ ಭಾಗದ ಹೆಸರು: ಸ್ಯಾಕ್ಸನಿ, ತ್ಯೂರಿಂಗಿಯಾ, ಲೌಸಿಟ್ಸ್, ಸೈಲೀಷಿಯಾ ಮತ್ತು ಬೊಹೀಮಿಯಾದ ಉತ್ತರದ ಅಂಚು. ಹೈನ್ರಿಷ್ ಷ್ಯುಟ್ಸ್ ಅವರ ಶಿಷ್ಯನಾಗಿದ್ದ ಸಂಗೀತಗಾರ ಕಾಸ್ಪರ್ ಕಿಟ್ಟೆಲ್ 1603ರಲ್ಲಿ ಹುಟ್ಟಿದ್ದು ಸ್ಯಾಕ್ಸನಿಯ ಲೌವೆನ್‌ಸ್ಟೈನ್‌ನಲ್ಲಿ. ಯೋಹಾನ್ ಸೆಬಾಸ್ಟಿಯನ್ ಬಾಖ್ ಅವರ ಕೊನೆಯ ಶಿಷ್ಯರಲ್ಲಿ ಒಬ್ಬನಾದ ಆರ್ಗನ್ ವಾದಕ ಯೋಹಾನ್ ಕ್ರಿಸ್ಟಿಯನ್ ಕಿಟ್ಟೆಲ್ 1732ರಲ್ಲಿ ಹುಟ್ಟಿ 1809ರಲ್ಲಿ ತೀರಿಕೊಂಡದ್ದು ತ್ಯೂರಿಂಗಿಯಾದ ಎರ್ಫುರ್ಟ್‌ನಲ್ಲಿ. ನಮ್ಮ ಕಾಲದ ಸೈಕಲ್ ಪಟು ಮಾರ್ಸೆಲ್ ಕಿಟ್ಟೆಲ್ ಕೂಡ ತ್ಯೂರಿಂಗಿಯಾದವರೇ. ಸೈಲೀಷಿಯಾ ಮತ್ತು ಲೌಸಿಟ್ಸ್ ಅಗಸೆ ನಾರಿನ ಬಟ್ಟೆಗೆ ಹೆಸರಾದ ನಾಡುಗಳಾಗಿರುವುದರಿಂದ, ನೇಕಾರರ ನಾಡಿನಲ್ಲಿ ಅಂಗಿಯ ಹೆಸರು ಹುಟ್ಟಿತೆಂದು ಕತೆ ಕಟ್ಟುವ ಆಸೆ ಸಹಜವಾಗಿಯೇ ಆಗುತ್ತದೆ. ಆ ಆಸೆಯನ್ನು ನಾನು ತಡೆಹಿಡಿಯುತ್ತೇನೆ: ಆ ನಾಡಿನ ಬಟ್ಟೆಯ ದೊಡ್ಡ ವ್ಯಾಪಾರ ಬೆಳೆದದ್ದು 16ನೆಯ ಶತಮಾನದಿಂದ ಈಚೆಗೆ, ಹೆಸರುಗಳು ಅದಕ್ಕೂ ಮೊದಲೇ ನೆಲೆಗೊಂಡಿದ್ದವು.

ಇಂದಿನ ಹರಡುವಿಕೆಯನ್ನು ಅಳೆಯಲು ಜರ್ಮನಿಯ ಹೆಸರು-ವಿದ್ವಾಂಸರು ನೆಚ್ಚಿಕೊಂಡಿರುವುದು ದೂರವಾಣಿ ಪಟ್ಟಿಯನ್ನು. ಫ್ರೈಬುರ್ಗ್ ಮತ್ತು ಮೈನ್ಸ್ ವಿಶ್ವವಿದ್ಯಾಲಯಗಳವರು ಸಿದ್ಧಪಡಿಸಿದ ಜರ್ಮನ್ ಮನೆತನದ ಹೆಸರುಗಳ ಭೂಪಟಕ್ಕೆ 2005ರ ಸ್ಥಿರ ದೂರವಾಣಿ ಸಂಪರ್ಕಗಳ ದತ್ತಾಂಶವೇ ಆಧಾರ. ಆಮೇಲೆ ಮನೆಮನೆಯ ಫೋನುಗಳು ಕಡಿಮೆಯಾಗಿ, ಅಷ್ಟು ತುಂಬಿದ ಪಟ್ಟಿ ಮತ್ತೆ ಸಿಗದಂತಾಯಿತು. ಮೈನ್ಸ್‌ನ ಅಕಾಡೆಮಿಯಲ್ಲಿ ನಡೆಯುತ್ತಿರುವ ಡಿಜಿಟಲ್ ನಿಘಂಟಿನ ಲೆಕ್ಕದಂತೆ ಜರ್ಮನಿಯಲ್ಲಿ ಸುಮಾರು 8,50,000 ಬೇರೆಬೇರೆ ಮನೆತನದ ಹೆಸರುಗಳಿವೆ. ಅವುಗಳ ನಡುವೆ ಕಿಟ್ಟೆಲ್ ಮೊದಲ ನೂರರಲ್ಲಿ ಬರುವ ಹೆಸರಲ್ಲ, ಕೇಳಿದವರು ಹುಬ್ಬೇರಿಸುವಷ್ಟು ಅಪರೂಪವೂ ಅಲ್ಲ. ಇಂಥ ಪಟಗಳನ್ನು ಓದುವಾಗ ನೆನಪಿಡಬೇಕಾದ ಒಂದು ನೋವಿನ ಸಂಗತಿಯಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಮತ್ತು ಅನಂತರ, ಪೋಲೆಂಡಿಗೆ ಸೇರಿದ ಸೈಲೀಷಿಯಾ, ಚೆಕೊಸ್ಲೊವಾಕಿಯಾದ ಗಡಿನಾಡುಗಳೂ ಸೇರಿದಂತೆ ಪೂರ್ವದ ಪ್ರದೇಶಗಳಿಂದ ಒಂದು ಕೋಟಿಗೂ ಹೆಚ್ಚು ಜರ್ಮನ್ನರು ಓಡಿಬಂದರು ಅಥವಾ ಹೊರಹಾಕಲ್ಪಟ್ಟರು. ಅವರೊಡನೆ ಅವರ ಹೆಸರುಗಳೂ ಬವೇರಿಯಾದಿಂದ ಹ್ಯಾಂಬುರ್ಗ್‌ವರೆಗೆ ಚದುರಿದವು. ಪಟದಲ್ಲಿ ಪಶ್ಚಿಮದ ಯಾವುದೋ ಪಟ್ಟಣದಲ್ಲಿ ಒಂಟಿ ಚುಕ್ಕಿಯಾಗಿ ಕಾಣುವ ಕಿಟ್ಟೆಲ್ ಮನೆಯ ಹಿಂದೆ ಅಜ್ಜಿಯೊಬ್ಬಳ ಗಂಟುಮೂಟೆಯ ಪ್ರಯಾಣ ಇರಬಹುದು.

ಈಗ ನಮಗೆ ಹತ್ತಿರವಾದ ಕಿಟ್ಟೆಲ್ ಅವರ ವಿಷಯ. ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಉತ್ತರ ಸಮುದ್ರದ ತೀರಕ್ಕೆ ಹತ್ತಿರದ, ಪೂರ್ವ ಫ್ರೀಸ್‌ಲೆಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಹೆಸರುಗಳನ್ನು ಓದುವ ಅಭ್ಯಾಸವಿರುವವರಿಗೆ ಇದು ಕೂಡಲೇ ಕುತೂಹಲ ಹುಟ್ಟಿಸುತ್ತದೆ. ಏಕೆಂದರೆ ಆ ನಾಡಿನಲ್ಲಿ ಬಹುಪಾಲು ಜನರಿಗೆ 19ನೆಯ ಶತಮಾನದ ಆರಂಭದವರೆಗೆ ಸ್ಥಿರವಾದ ಮನೆತನದ ಹೆಸರೇ ಇರಲಿಲ್ಲ. ಯಾನ್ ಎಂಬವನ ಮಗ ಹಾರ್ಮ್ ಆದರೆ ಅವನು ಹಾರ್ಮ್ ಯಾನ್ಸೆನ್. ಹಾರ್ಮ್‌ನ ಮಗ ಗೆರ್ಡ್ ಆದರೆ ಅವನು ಗೆರ್ಡ್ ಹಾರ್ಮ್ಸ್. ತಂದೆಯ ಹೆಸರನ್ನು ಇನಿಷಿಯಲ್ ಆಗಿ ಬರೆಯುವ ನಮ್ಮ ಹಳೆ ಮೈಸೂರಿನವರಿಗೆ ಈ ಪದ್ಧತಿಯನ್ನು ವಿವರಿಸಬೇಕಾಗಿಲ್ಲ. ನೆಪೋಲಿಯನ್ನನ ಆಳ್ವಿಕೆಗೆ ಸೇರಿದ್ದ ಆ ಪ್ರದೇಶದಲ್ಲಿ 1811ರ ಆಜ್ಞೆಯೊಂದು ಎಲ್ಲರೂ ಸ್ಥಿರ ಹೆಸರನ್ನು ಆರಿಸಿ ನೋಂದಾಯಿಸಬೇಕೆಂದು ಕಡ್ಡಾಯ ಮಾಡಿತು. ಜನ ಆಮೇಲೂ ಹಳೆಯ ರೂಢಿಯನ್ನು ಸುಲಭವಾಗಿ ಬಿಡಲಿಲ್ಲ. ಅಂಥ ಯಾನ್ಸೆನ್, ಹಾರ್ಮ್ಸ್, ಹಿನ್‌ರಿಕ್ಸ್‌ಗಳ ಊರಿನಲ್ಲಿ ಕಿಟ್ಟೆಲ್ ಎಂಬುದು ಅಲ್ಲಿನ ಮಣ್ಣಿನ ಹೆಸರಿನಂತೆ ಕೇಳಿಸುವುದಿಲ್ಲ. ಅವರ ತಂದೆ ಪಾದ್ರಿಯಾಗಿದ್ದರು, ಪಾದ್ರಿಗಳ ಮನೆತನಗಳು ನೇಮಕವಾದ ಕಡೆಗೆ ಹೋಗಿ ನೆಲೆಸುವಂಥವು ಎಂಬ ಸಂಗತಿ ಇದಕ್ಕೆ ಹೊಂದುತ್ತದೆ.

ಫರ್ಡಿನಾಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಕರ್ನಾಟಕಕ್ಕೆ ಬಂದರು. ಆ ಮಿಷನ್ನಿನ ಅನೇಕರು, ಹರ್ಮನ್ ಮೊಗ್ಲಿಂಗ್ ಅವರೂ ಸೇರಿದಂತೆ, ವ್ಯುರ್ಟೆಂಬರ್ಗ್‌ನ ಸ್ವಾಬಿಯನ್ನರು. ಈ ಉತ್ತರದ ಸಹೋದ್ಯೋಗಿಯನ್ನು ಅವರು ಕರೆದಾಗಲೆಲ್ಲ ಅವರ ಆಡುಮಾತಿನಲ್ಲಿ 'ಜಾಕೆಟ್' ಎಂದು ಕರೆದಂತೆಯೇ ಆಗುತ್ತಿತ್ತು. ಆದರೂ ನಾವು ಕಂಬಳಿಯವರನ್ನು ಕರೆಯುವಾಗ ಕಂಬಳಿ ನೆನಪಾಗದಂತೆ, ಅವರಿಗೂ ಅದು ನೆನಪಾಗುತ್ತಿರಲಿಕ್ಕಿಲ್ಲ. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಮೇಲೆ, ಕನ್ನಡಿಗರಿಗೆ ಕಿಟ್ಟೆಲ್ ಎಂದರೆ ಒಬ್ಬ ವ್ಯಕ್ತಿಗಿಂತ ಹೆಚ್ಚಾಗಿ ಒಂದು ಗ್ರಂಥವೇ ಆಯಿತು; "ಕಿಟ್ಟೆಲ್ ನೋಡಿ" ಎಂದರೆ ಸಾಕು.

ಒಂದೇ ಹೆಸರಿನವರೆಲ್ಲ ಒಂದೇ ಕುಲದವರೆಂಬ ನಂಬಿಕೆ ಎಲ್ಲ ದೇಶಗಳಲ್ಲೂ ಗಟ್ಟಿ. ಅಂಗಿ ಹೊಲಿಯುವವರು ನೂರಾರು ಊರುಗಳಲ್ಲಿದ್ದರು. ಆದ್ದರಿಂದ ಈ ಹೆಸರು ಬೇರೆಬೇರೆ ಕಡೆ ಬೇರೆಬೇರೆಯಾಗಿಯೇ ಹುಟ್ಟಿದೆ. "ಕಿಟ್ಟೆಲ್ ನೋಡಿ" ಎಂಬ ಮಾತು ಜರ್ಮನಿಯ ದೇವತಾಶಾಸ್ತ್ರದ ವಿದ್ಯಾರ್ಥಿಗೆ ಬೇರೊಂದು ನಿಘಂಟನ್ನು ಸೂಚಿಸುತ್ತದೆ: ಹೊಸ ಒಡಂಬಡಿಕೆಯ ಗ್ರೀಕ್ ಪದಗಳನ್ನು ಕುರಿತು ಗೆರ್ಹಾರ್ಡ್ ಕಿಟ್ಟೆಲ್ ಸಂಪಾದಿಸಲಾರಂಭಿಸಿ 1933ರಲ್ಲಿ ಮೊದಲ ಸಂಪುಟ ಹೊರಬಂದ ಮಹಾಕೋಶ. ಆತನ ತಂದೆ ರುಡೋಲ್ಫ್ ಕಿಟ್ಟೆಲ್ ಹೀಬ್ರೂ ಬೈಬಲ್ಲಿನ ಪರಿಷ್ಕೃತ ಆವೃತ್ತಿಗೆ ಹೆಸರಾದ ವಿದ್ವಾಂಸರು. ಗೆರ್ಹಾರ್ಡ್ 1933ರಲ್ಲೇ ನಾಜಿ ಪಕ್ಷವನ್ನು ಸೇರಿ, ಯಹೂದಿಗಳ ವಿರುದ್ಧ ಬರೆದು ತನ್ನ ಪಾಂಡಿತ್ಯವನ್ನು ಕಳಂಕಿತಗೊಳಿಸಿಕೊಂಡ. ಭೌತಶಾಸ್ತ್ರದವರನ್ನು ಕೇಳಿದರೆ ಅವರು ಅಮೆರಿಕದ ಚಾರ್ಲ್ಸ್ ಕಿಟ್ಟೆಲ್ ಅವರ ಘನಸ್ಥಿತಿ ಭೌತಶಾಸ್ತ್ರದ ಪಠ್ಯವನ್ನು ತೋರಿಸುತ್ತಾರೆ. ಗ್ರಂಥಾಲಯದ ಸೂಚಿಗಳಲ್ಲಿ ಇವರ ಹೆಸರುಗಳು ಒಂದರ ಕೆಳಗೊಂದು ಬರುತ್ತವೆ. ನಮ್ಮ ಕಿಟ್ಟೆಲ್ ಅವರೂ ಟ್ಯೂಬಿಂಗನ್‌ನಲ್ಲಿ ಬಾಳಿ 1903ರಲ್ಲಿ ಅಲ್ಲೇ ತೀರಿಕೊಂಡದ್ದರಿಂದ, ಅಲ್ಲೇ ಪ್ರಾಧ್ಯಾಪಕನಾಗಿದ್ದ ಗೆರ್ಹಾರ್ಡ್‌ನೊಡನೆ ನಂಟು ಕಲ್ಪಿಸುವವರಿದ್ದಾರೆ. ಒಂದೇ ಊರು, ಒಂದೇ ಹೆಸರು, ಇಬ್ಬರೂ ಕೋಶಕಾರರು ಎಂಬಷ್ಟು ಮಾತ್ರದಿಂದ ರಕ್ತಸಂಬಂಧ ಸಿದ್ಧವಾಗುವುದಿಲ್ಲ.

ಸಂಬಂಧವನ್ನು ಸಾಧಿಸುವುದು ದಾಖಲೆಗಳು ಮಾತ್ರ, ಅವುಗಳನ್ನು ಓದುವುದಕ್ಕೂ ತರಬೇತಿ ಬೇಕು. ಹಳೆಯ ಜರ್ಮನ್ ಕೈಬರಹದಲ್ಲಿ 'ಕೆ' ಮತ್ತು 'ಆರ್' ಎಂಬ ದೊಡ್ಡಕ್ಷರಗಳು ಬಹಳ ಹೋಲುತ್ತವೆ; ರಿಟ್ಟೆಲ್ ಎಂಬ ಬೇರೆಯೇ ಮನೆತನವೂ ಇರುವುದರಿಂದ, ನಾನು ಒಂದು ಪುಟದ ಇತರ ಹೆಸರುಗಳಲ್ಲಿ ಆ ಬರಹಗಾರನ ಕೈ ಹೇಗೆ ತಿರುಗಿದೆಯೆಂದು ನೋಡದೆ ಈ ಹೆಸರನ್ನು ಬರೆದುಕೊಡುವುದಿಲ್ಲ. 18ನೆಯ ಶತಮಾನದ ಚರ್ಚ್ ಪುಸ್ತಕಗಳಲ್ಲಿ ಹೆಂಗಸರ ಹೆಸರಿಗೆ 'ಇನ್' ಸೇರಿಸಿ 'ಕಿಟ್ಟೆಲಿನ್' ಎಂದು ಬರೆದಿರುತ್ತದೆ, ಹೊಸಬರು ಅದನ್ನು ಬೇರೆ ಕುಟುಂಬವೆಂದು ತಿಳಿಯುತ್ತಾರೆ. ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ 1876ರ ಜನವರಿಯಿಂದ ಸರ್ಕಾರಿ ನೋಂದಣಿ ಕಚೇರಿಗಳು ಕೆಲಸ ಆರಂಭಿಸಿದ ಮೇಲೆಯೇ ಹೆಸರಿನ ಅಕ್ಷರಗಳು ಕದಲದಂತೆ ನಿಂತವು.

ಕನ್ನಡದಲ್ಲಿ ಬರೆಯುವುದು ಕಿಟೆಲ್ ಎಂದೋ ಕಿಟ್ಟೆಲ್ ಎಂದೋ ಎಂದು ಆ ವಿದ್ಯಾರ್ಥಿನಿ ಕೊನೆಗೆ ಕೇಳಿದಳು. ಜರ್ಮನ್ನಿನಲ್ಲಿ ಎರಡು 'ಟಿ' ಬರೆಯುವುದು ಒತ್ತಕ್ಷರ ಉಚ್ಚರಿಸಲಿಕ್ಕಲ್ಲ, ಹಿಂದಿನ ಸ್ವರ ಹ್ರಸ್ವವೆಂದು ತಿಳಿಸಲಿಕ್ಕೆ. ಹಾಸಿಗೆ ಎಂಬ ಅರ್ಥದ 'ಬೆಟ್' ಪದಕ್ಕೆ ಎರಡು 'ಟಿ', ಹೂವಿನ ಮಡಿ ಎಂಬ ಅರ್ಥದ 'ಬೇಟ್' ಪದಕ್ಕೆ ಒಂದೇ. ನಮ್ಮ ಲಿಪಿಯಲ್ಲಿ ಹ್ರಸ್ವ-ದೀರ್ಘಗಳಿಗೆ ಬೇರೆ ಗುರುತುಗಳಿರುವುದರಿಂದ ಒತ್ತಿನ ಅಗತ್ಯವಿಲ್ಲ. ಕೊನೆಯ ಎಕಾರವೂ ಜರ್ಮನ್ ಬಾಯಲ್ಲಿ ಬಹುಮಟ್ಟಿಗೆ ಮಾಯವಾಗಿ 'ಕಿಟ್ಲ್' ಎಂದೇ ಕೇಳಿಸುತ್ತದೆ. ಆದ್ದರಿಂದ ಇಂದಿನ ದಾಖಲೆಗಳನ್ನು ಅನುವಾದಿಸುವಾಗ ನಾನು ಕಿಟೆಲ್ ಎಂದು ಬರೆಯುತ್ತೇನೆ. ನಿಘಂಟಿನ ಕರ್ತೃವಿನ ಹೆಸರು ಬಂದಾಗ ಮಾತ್ರ ಕನ್ನಡಿಗರ ಬಾಯಲ್ಲಿ ತಲೆಮಾರುಗಳಿಂದ ಬೆಳೆದುಬಂದಿರುವ ಒತ್ತನ್ನು ತೆಗೆಯಲು ನನಗೆ ಮನಸ್ಸಾಗುವುದಿಲ್ಲ, ಈ ಬರಹದಲ್ಲೂ ಅದನ್ನು ಉಳಿಸಿಕೊಂಡಿದ್ದೇನೆ.