ಡ್ರಗ್ಸ್ ಚುಚ್ಚಿಕೊಳ್ಳಲು ಜಾಗ ಕೊಟ್ಟರೆ ಅಕ್ಕಪಕ್ಕದವರು ಒಪ್ಪುತ್ತಾರಾ?

ಪ್ರಶ್ನೆ: ಕೆಲವು ದೇಶಗಳಲ್ಲಿ ಡ್ರಗ್ಸ್ ತೆಗೆದುಕೊಳ್ಳುವವರಿಗೆ ಅಂತಲೇ ಕೇಂದ್ರಗಳಿವೆ, ನರ್ಸ್ ನೋಡಿಕೊಳ್ಳುತ್ತಾರೆ ಎಂದು ಓದಿದೆ. ಅಲ್ಲಿನ ಜನ ಇದನ್ನು ನಿಜವಾಗಿ ಒಪ್ಪಿದ್ದಾರಾ?

ಉತ್ತರ: ಒಪ್ಪಿದವರೂ ಇದ್ದಾರೆ, ಇವತ್ತಿಗೂ ಸಿಟ್ಟಿನಲ್ಲಿರುವವರೂ ಇದ್ದಾರೆ. ಕೇಂದ್ರ ನಡೆಯುವುದನ್ನು ಹತ್ತಿರದಿಂದ ನೋಡಿದ್ದಾರಾ, ಅದು ಎಲ್ಲಿದೆ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಕೇಂದ್ರ ಯಾರಿಗೂ ಡ್ರಗ್ಸ್ ಕೊಡುವುದಿಲ್ಲ. ಬರುವವರು ತಾವೇ ತಂದಿರುತ್ತಾರೆ, ತಾವೇ ಚುಚ್ಚಿಕೊಳ್ಳುತ್ತಾರೆ. ಅಲ್ಲಿ ಸಿಗುವುದು ಹೊಸ ಸೂಜಿ, ಚೊಕ್ಕ ಜಾಗ, ಕಣ್ಣಿಟ್ಟು ನೋಡುವ ಸಿಬ್ಬಂದಿ. ಹೆರಾಯಿನ್ ಅಥವಾ ಫೆಂಟಾನಿಲ್ ಮಿತಿಮೀರಿದರೆ ಉಸಿರಾಟ ನಿಧಾನವಾಗಿ ನಿಂತೇ ಹೋಗಬಹುದು. ಆಗ ಪಕ್ಕದಲ್ಲಿರುವವರು ಆಕ್ಸಿಜನ್, ಆ ಡ್ರಗ್ಸ್‌ನ ಪರಿಣಾಮ ತಡೆಯುವ ನಾಲೊಕ್ಸೋನ್ ಔಷಧಿ ಕೊಟ್ಟರೆ ಜೀವ ಉಳಿಯುತ್ತದೆ. ಶೌಚಾಲಯದ ಚಿಲಕ ಹಾಕಿಕೊಂಡು ಒಬ್ಬರೇ ಇದ್ದರೆ ಕೊಡುವವರು ಯಾರು? ಇಂಥ ಮೊದಲ ಕೇಂದ್ರ ತೆರೆದದ್ದು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ, 1986ರಲ್ಲಿ. ಸಿಡ್ನಿಯ ಕಿಂಗ್ಸ್ ಕ್ರಾಸ್ ಕೇಂದ್ರ 2001ರಲ್ಲಿ ಶುರುವಾಯಿತು. ಅದರೊಳಗೆ ಸಾವಿರಾರು ಓವರ್‌ಡೋಸ್ ಆಗಿವೆ, ಒಬ್ಬರೂ ಸತ್ತಿಲ್ಲ. ನನಗೆ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಆದರೆ ನೀವು ಕೇಳಿದ್ದು ಜನರ ಬಗ್ಗೆ. ಆ ಕೇಂದ್ರ ತೆರೆಯುವ ಮುಂಚೆ, 2000ದಲ್ಲಿ, ಕಿಂಗ್ಸ್ ಕ್ರಾಸ್ ನಿವಾಸಿಗಳಲ್ಲಿ ಶೇ. 68 ಮಂದಿ ಅದು ತಮ್ಮಲ್ಲಿ ಬರಲಿ ಎಂದಿದ್ದರು. ತೆರೆದ ನಂತರ 2002ರಲ್ಲಿ ಕೇಳಿದಾಗ ಶೇ. 78. ಬೀದಿಯಲ್ಲಿ, ಮೆಟ್ಟಿಲ ಮೇಲೆ ಚುಚ್ಚಿಕೊಳ್ಳುವವರನ್ನು ಅವರು ದಿನವೂ ನೋಡಿದ್ದರು. ಅವರ ಮುಂದಿದ್ದದ್ದು ಡ್ರಗ್ಸ್ ಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲ, ಮೆಟ್ಟಿಲ ಮೇಲೋ ನಾಲ್ಕು ಗೋಡೆಯ ಒಳಗೋ ಎಂಬುದು. ಇನ್ನೊಂದು ಕಡೆ ಅಮೆರಿಕ. ಅನುಮತಿ ಪಡೆದ ಒಂದೂ ಕೇಂದ್ರ ಅಲ್ಲಿ ಇಲ್ಲದಿದ್ದ 2017ರಲ್ಲಿ ಒಂದು ಸಮೀಕ್ಷೆ ನಡೆಯಿತು. ಇಂಥ ಕೇಂದ್ರಕ್ಕೆ ಕಾನೂನಿನ ಒಪ್ಪಿಗೆ ಕೊಡಬಹುದು ಎಂದವರು ಶೇ. 29 ಮಾತ್ರ.

"ಇದು ಚಟಕ್ಕೆ ಕುಮ್ಮಕ್ಕು ಅಲ್ವಾ?" ಅನ್ನುವುದು ಜಾಸ್ತಿ ಕೇಳಿಬರುವ ಮಾತು. ಕೆನಡಾದ ವ್ಯಾಂಕೂವರ್ ನಗರದ ಇನ್‌ಸೈಟ್ ಕೇಂದ್ರದ ಮೇಲೆ ನಡೆದ ಅಧ್ಯಯನಗಳು ಹಾಗೆ ಹೇಳುವುದಿಲ್ಲ. 2003ರಲ್ಲಿ ಅದು ತೆರೆದ ಮೇಲೆ ಸುತ್ತಲಿನ 500 ಮೀಟರ್‌ನಲ್ಲಿ ಓವರ್‌ಡೋಸ್ ಸಾವು ಶೇ. 35 ಇಳಿಯಿತು, ಉಳಿದ ನಗರದಲ್ಲಿ ಸುಮಾರು ಶೇ. 9. ಚಟ ಬಿಡಿಸುವ ಚಿಕಿತ್ಸೆಗೆ ಸೇರುವವರು ಹೆಚ್ಚಾದರು. ಅಲ್ಲಿ ಬರುವವರಲ್ಲಿ ಹೆಚ್ಚಿನವರು ವರ್ಷಗಳಿಂದ ಚುಚ್ಚಿಕೊಳ್ಳುತ್ತಿರುವವರು.

ಹಾಗಂತ ವಿರೋಧಿಸುವವರನ್ನೆಲ್ಲ ಕರುಣೆ ಇಲ್ಲದವರು ಅನ್ನಬಾರದು. ಮೆಲ್ಬರ್ನ್‌ನ ನಾರ್ತ್ ರಿಚ್ಮಂಡ್ ಕೇಂದ್ರ 2018ರಲ್ಲಿ ತೆರೆದದ್ದು ಒಂದು ಪ್ರಾಥಮಿಕ ಶಾಲೆಯ ಪಕ್ಕದಲ್ಲೇ. ಮಗುವನ್ನು ಶಾಲೆಗೆ ಬಿಡಲು ಬರುವ ತಾಯಿ ರಸ್ತೆಯಲ್ಲಿ ಸೂಜಿ ನೋಡಿ ಗಾಬರಿಯಾದರೆ ಅದು ಪೂರ್ವಗ್ರಹ ಅಲ್ಲ. "ಒಳಗೆ ಜೀವ ಉಳಿಯುತ್ತಿದೆ" ಅನ್ನುವುದು ಆಕೆಗೆ ಕೊಡುವ ಉತ್ತರವೂ ಅಲ್ಲ. ಕೇಂದ್ರ 2023ರಲ್ಲಿ ಕಾಯಂ ಆಯಿತು. ಆದರೆ ಊರಿನ ನಡುವೆ ಎರಡನೆಯದನ್ನು ತೆರೆಯುವ ಯೋಜನೆಯನ್ನು 2024ರಲ್ಲಿ ಸರ್ಕಾರ ಕೈಬಿಟ್ಟಿತು. ಕೆನಡಾದ ಒಂಟಾರಿಯೋ ಸರ್ಕಾರ ಶಾಲೆ, ಶಿಶುಪಾಲನಾ ಕೇಂದ್ರಗಳ 200 ಮೀಟರ್ ಒಳಗೆ ಇವು ಇರಬಾರದು ಎಂದು ನಿಯಮ ತಂದಿತು. ದೂರದಲ್ಲಿ ಬೇರೆ ಜಾಗ ಹುಡುಕಿಕೊಡದೆ ಬಾಗಿಲು ಹಾಕಿಸಿದರೆ ಜನ ಮತ್ತೆ ಮೆಟ್ಟಿಲಿಗೇ ಹೋಗುತ್ತಾರೆ. ಜಾಗ ಆರಿಸುವಾಗಲೇ ನೆರೆಯವರನ್ನು ಕೂರಿಸಿ ಮಾತಾಡಬೇಕಿತ್ತು.

ಸ್ವಿಟ್ಜರ್ಲೆಂಡಿನಲ್ಲಿ ಜನ ಮತ ಹಾಕಿಯೇ ದಾರಿ ಆರಿಸಿಕೊಂಡರು. ಜ್ಯೂರಿಕ್‌ನ ಪ್ಲಾಟ್ಸ್‌ಪಿಟ್ಸ್ ಉದ್ಯಾನದಲ್ಲಿ ಹಾಡಹಗಲೇ ನೂರಾರು ಜನ ಚುಚ್ಚಿಕೊಳ್ಳುತ್ತಿದ್ದುದನ್ನು ಅವರು ಕಂಡಿದ್ದರು. 1992ರಲ್ಲಿ ಅದನ್ನು ಮುಚ್ಚಿದಾಗ ಗುಂಪು ಲೆಟ್ಟನ್ ರೈಲು ನಿಲ್ದಾಣಕ್ಕೆ ಹೋಯಿತು. ಮುಂದೆ ಚಿಕಿತ್ಸೆ, ಇಂಥ ಕೇಂದ್ರ, ಪೊಲೀಸರ ಕ್ರಮ ಎಲ್ಲವೂ ಒಟ್ಟೊಟ್ಟಿಗೆ ನಡೆದವು. ಅದನ್ನೇ ಕಾನೂನು ಮಾಡೋಣವೇ ಎಂದು 2008ರಲ್ಲಿ ಇಡೀ ದೇಶವನ್ನು ಕೇಳಿದಾಗ ಸುಮಾರು ಶೇ. 68 ಮಂದಿ ಹೌದು ಎಂದರು.