ಪದ ಪರಿಚಯ: 99 ಡಾಟ್ಸ್, ಮಾತ್ರೆಯ ಹಿಂದಿನ ಫೋನ್ ನಂಬರ್

ಡಾಕ್ಟರು ‘ಡೋಸ್’ ಅನ್ನುವುದಕ್ಕೆ ನಮ್ಮ ಮನೆಗಳಲ್ಲಿ ಒಂದು ಒಳ್ಳೆಯ ಮಾತಿದೆ: ಹೊತ್ತು. “ಮೂರು ಹೊತ್ತು ಮಾತ್ರೆ ಬರೆದಿದ್ದಾರೆ.” “ರಾತ್ರಿ ಹೊತ್ತಿನದು ತಗೊಂಡ್ರಾ?” ಉತ್ತರ ಕರ್ನಾಟಕದ ಕಡೆ ಮಾತ್ರೆಗೆ ಗುಳಿಗೆ ಅನ್ನುತ್ತಾರೆ, ವಿಷಯ ಅದೇ. ಮೆಡಿಕಲ್ ಶಾಪಿನವರು ಸ್ಟ್ರಿಪ್ ಕತ್ತರಿಸಿ, ಪುಟ್ಟ ಕಾಗದದ ಕವರಿಗೆ ಹಾಕಿ, ಮೇಲೆ ಪೆನ್ನಲ್ಲಿ 1-0-1 ಅಂತ ಬರೆದು ಕೊಡುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಐದು ದಿನದ ಜ್ವರಕ್ಕೆ ಇಷ್ಟು ಸಾಕು.

ಆರು ತಿಂಗಳ ಕಾಯಿಲೆಗೆ ಸಾಕಾಗುವುದಿಲ್ಲ. ಇವತ್ತಿನ ಹೊತ್ತು ತಗೊಂಡೆನೋ ಇಲ್ಲವೋ ಅಂತ ರೋಗಿಗೇ ಮರೆತುಹೋಗುತ್ತದೆ. ತಗೊಳ್ಳದೆ ಬಿಟ್ಟರೆ ಅದು ಆಸ್ಪತ್ರೆಯವರಿಗೆ ಗೊತ್ತಾಗುವುದು ತಿಂಗಳ ಮೇಲೆ. ಈ ಎರಡು ತೊಂದರೆಗೂ ಒಂದು ರಟ್ಟಿನ ಕವರಿನಲ್ಲಿ ಪರಿಹಾರ ಹುಡುಕಿದ್ದು 99 ಡಾಟ್ಸ್.

ಇದು ಔಷಧಿಯ ಹೆಸರಲ್ಲ. ಟಿಬಿ ಮಾತ್ರೆಯ ಸ್ಟ್ರಿಪ್ಪಿಗೆ ಸುತ್ತುವ ಒಂದು ಕವರು, ಅದರ ಜೊತೆಗೆ ಒಂದು ಫೋನ್ ಕರೆ, ಆ ಕರೆಯನ್ನು ಲೆಕ್ಕಕ್ಕೆ ಬರೆದುಕೊಳ್ಳುವ ಒಂದು ಕಂಪ್ಯೂಟರ್, ಮೂರೂ ಸೇರಿ 99 ಡಾಟ್ಸ್. ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿದ್ದ ಬಿಲ್ ಥೀಸ್ ಮತ್ತು ಅವರ ಜೊತೆಗಾರರು ಇದನ್ನು ರೂಪಿಸಿದರು, ಮುಂದೆ ಬೆಂಗಳೂರಿನದೇ ಆದ ಎವರ್‌ವೆಲ್ ಸಂಸ್ಥೆ ಬೆಳೆಸಿತು. ದೇಶದಲ್ಲಿ ಮೊದಲು ದೊಡ್ಡ ಮಟ್ಟದಲ್ಲಿ ಬಳಸಿದ್ದು ಎಚ್‌ಐವಿ ಜೊತೆಗೆ ಟಿಬಿಯೂ ಇದ್ದವರಿಗೆ, ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಗಳ ಮೂಲಕ. ಉಗಾಂಡದಂಥ ಬೇರೆ ದೇಶಗಳಿಗೂ ಹೋಯಿತು.

ಕೆಲಸ ಮಾಡುವ ರೀತಿ ಹೇಳುತ್ತೇನೆ, ಯಾಕೆಂದರೆ ನಾನು ಇದನ್ನು ಹತ್ತಿರದಿಂದ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪನಿಗೆ ಟಿಬಿ ಬಂದಿತ್ತು. ದಿನಕ್ಕೆ ಮೂರು ಮಾತ್ರೆ, ಮೂರನ್ನೂ ಒಟ್ಟಿಗೆ ನುಂಗಬೇಕು. ಸ್ಟ್ರಿಪ್ಪಿನ ಹಿಂಬದಿಗೆ ರಟ್ಟಿನ ಕವರು ಅಂಟಿಸಿರುತ್ತಿತ್ತು. ಮುಂದಿನಿಂದ ಹೆಬ್ಬೆರಳಲ್ಲಿ ಮಾತ್ರೆ ಒತ್ತಿದರೆ ಅದು ಬೆಳ್ಳಿ ಹಾಳೆ ಹರಿದುಕೊಂಡು, ಹಿಂದಿನ ರಟ್ಟಿನ ಪುಟ್ಟ ಬಾಗಿಲನ್ನೂ ತಳ್ಳಿಕೊಂಡು ಅಂಗೈಗೆ ಬೀಳುತ್ತದೆ. ಆ ಬಾಗಿಲು ತೆರೆದುಕೊಂಡಾಗ ಅಲ್ಲಿ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಮಾತ್ರೆ ತೆಗೆಯದೆ ನಂಬರ್ ಕಾಣುವುದಿಲ್ಲ, ನಾಳಿನ ನಂಬರ್ ಯಾವುದು ಅಂತ ಇವತ್ತು ಊಹಿಸಲೂ ಆಗುವುದಿಲ್ಲ. ಯಾವ ಕವರಿನಲ್ಲಿ ಯಾವ ಮಾತ್ರೆಯ ಹಿಂದೆ ಯಾವ ನಂಬರ್ ಇದೆ ಅನ್ನುವುದು ಕಂಪ್ಯೂಟರಿಗೆ ಮಾತ್ರ ಗೊತ್ತು. ಮಾತ್ರೆ ನುಂಗಿ ಆ ನಂಬರಿಗೆ ಫೋನ್ ಮಾಡಬೇಕು. ದುಡ್ಡು ಹೋಗುವುದಿಲ್ಲ. ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ, ಓದು ಬರಹ ಕೂಡ ಜಾಸ್ತಿ ಬೇಡ, ಅಂಕಿ ಗುರುತಿಸಿದರೆ ಸಾಕು. ನಮ್ಮ ದೇಶದ ಜನ ಮಿಸ್ಡ್ ಕಾಲ್ ಕೊಟ್ಟೇ ಎಷ್ಟೊಂದು ವಿಷಯ ಮಾತಾಡಿಕೊಂಡವರು ಅಲ್ವಾ, “ಊರು ತಲುಪಿದೆ” ಅನ್ನುವುದಕ್ಕೂ ಒಂದು ಮಿಸ್ಡ್ ಕಾಲ್. ಆ ಅಭ್ಯಾಸವನ್ನೇ ಚಿಕಿತ್ಸೆಗೆ ಬಳಸಿಕೊಂಡರಲ್ಲ, ಅದು ನನಗೆ ತುಂಬ ಮೆಚ್ಚುಗೆಯಾದ ಸಂಗತಿ.

ಆ ಕಡೆ ಆರೋಗ್ಯ ಕೇಂದ್ರದವರ ಪರದೆಯಲ್ಲಿ ಒಬ್ಬೊಬ್ಬ ರೋಗಿಗೂ ಒಂದು ಕ್ಯಾಲೆಂಡರ್. ಕರೆ ಬಂದ ದಿನ ಹಸಿರು. ಬರದ ದಿನ ಕೆಂಪು. ಈ ಲೆಕ್ಕವೆಲ್ಲ ‘ನಿಕ್ಷಯ್’ ಅನ್ನುವ ಸರ್ಕಾರಿ ಜಾಲತಾಣಕ್ಕೆ ಹೋಗುತ್ತದೆ. ಟಿಬಿ ರೋಗಿಗಳ ದಾಖಲೆಗಾಗಿ 2012ರಲ್ಲಿ ಶುರುವಾದದ್ದು ಅದು.

ಹೆಸರಿನಲ್ಲಿರುವ ‘ಡಾಟ್ಸ್’ ಎಲ್ಲಿಂದ ಬಂತು ಅಂತ ತಿಳಿಯದೆ ಈ ಕವರಿನ ಬೆಲೆ ತಿಳಿಯುವುದಿಲ್ಲ. ಡೈರೆಕ್ಟ್ಲಿ ಅಬ್ಸರ್ವ್ಡ್ ಟ್ರೀಟ್‌ಮೆಂಟ್, ಶಾರ್ಟ್ ಕೋರ್ಸ್. ಅಂದರೆ ಕಣ್ಣೆದುರಿಗೇ ಮಾತ್ರೆ ನುಂಗಿಸುವುದು. ಒಂದು ಕಾಲದಲ್ಲಿ ಕ್ಷಯ ಅಂದರೆ ಅದರ ರೋಗಿಗಳಿಗೆಂದೇ ಇದ್ದ ಆಸ್ಪತ್ರೆ, ಸ್ಯಾನಟೋರಿಯಮ್‌ಗೆ ಸೇರಿ ತಿಂಗಳುಗಟ್ಟಲೆ ಮಲಗಬೇಕಿತ್ತು. 1956ರಲ್ಲಿ ಮದ್ರಾಸಿನಲ್ಲಿ ಬ್ರಿಟಿಷ್ ವೈದ್ಯ ವ್ಯಾಲೇಸ್ ಫಾಕ್ಸ್ ಮುಂದಾಳುತನದಲ್ಲಿ ಒಂದು ಅಧ್ಯಯನ ಶುರುವಾಯಿತು. ಮನೆಯಲ್ಲೇ ಇದ್ದು ಔಷಧಿ ತಗೊಂಡ ಬಡ ರೋಗಿಗಳು ಸ್ಯಾನಟೋರಿಯಮ್‌ನಲ್ಲಿ ಇದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಅಂತ 1959ರಲ್ಲಿ ಅದು ತೋರಿಸಿಕೊಟ್ಟಿತು. ಜಗತ್ತಿನ ಟಿಬಿ ಚಿಕಿತ್ಸೆಯೇ ಬದಲಾಯಿತು. ಆದರೆ ಮನೆಯಲ್ಲಿ ಇರುವವರು ನಿಜವಾಗಿ ಮಾತ್ರೆ ನುಂಗುತ್ತಾರಾ? ಆಗಲೇ ಆ ಪ್ರಶ್ನೆ ಎದ್ದಿತ್ತು. ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆ ಮಾಡುತ್ತಿದ್ದರು. ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಶುರುವಾಯಿತು, ಮುಂದೆ ಇಡೀ ದೇಶದ ಟಿಬಿ ಕಾರ್ಯಕ್ರಮದ ನಕ್ಷೆ ತಯಾರಾದದ್ದು ಅಲ್ಲಿ.

1997ರಿಂದ ಭಾರತದಲ್ಲಿ ಡಾಟ್ಸ್ ಹಂತಹಂತವಾಗಿ ಜಾರಿಗೆ ಬಂತು, 2006ರ ಹೊತ್ತಿಗೆ ಇಡೀ ದೇಶ ಮುಟ್ಟಿತು. ವಾರಕ್ಕೆ ಮೂರು ದಿನ ಔಷಧಿ. ಆರೋಗ್ಯ ಕಾರ್ಯಕರ್ತೆಯೋ ಅಂಗನವಾಡಿಯವರೋ ಎದುರಿಗೆ ಕೂತು ನುಂಗಿಸಬೇಕು. ಇದು ಸುಲಭದ ಮಾತಲ್ಲ. ಕೂಲಿಗೆ ಹೋಗುವವರು ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವವರೆಗೆ ಕಾದರೆ ಅವತ್ತಿನ ಸಂಬಳ ಹೋಯಿತು. ಮಾತ್ರೆ ತರಲು ದಿನ ಬಿಟ್ಟು ದಿನ ಹೋಗುತ್ತಿದ್ದರೆ ಓಣಿಯವರಿಗೆಲ್ಲ ಗೊತ್ತಾಗುತ್ತದೆ, ಮದುವೆಯಾಗದ ಹುಡುಗಿ ಆದರಂತೂ ಮನೆಯವರೇ ಬೇಡ ಅನ್ನುತ್ತಿದ್ದರು. ಆಮೇಲೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ದಿನಾ ಔಷಧಿ ಕೊಡುವ ಕ್ರಮಕ್ಕೆ ಒಂಬತ್ತು ತಿಂಗಳಲ್ಲಿ ಬದಲಾಗಿ ಅಂತ ಹೇಳಿತು. ವಾರಕ್ಕೆ ಮೂರು ದಿನ ಎದುರಿಗೆ ಕೂರುವುದೇ ಕಷ್ಟ, ದಿನಾ ಹೇಗೆ? ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಅದು 56 ಹೊತ್ತು. ಮತ್ತೆ ನಾಲ್ಕು ತಿಂಗಳು ಮೂರು ಔಷಧಿಯದು, 112 ಹೊತ್ತು. ಒಟ್ಟು 168. ಪಕ್ಕದಲ್ಲಿ ಕೂರುವ ಮನುಷ್ಯರ ಬದಲಿಗೆ ಕರೆಯೊಂದು ಬಂದದ್ದು ಈ ಲೆಕ್ಕಕ್ಕಾಗಿ.

ಹೊತ್ತು ಹೊತ್ತನ್ನೂ ಬೇರೆ ಮಾಡಿ ಕಟ್ಟಿಕೊಡುವುದು ಮಾತ್ರ ಹಳೆಯ ಉಪಾಯ. ಮಾಲಾ-ಡಿ ಪ್ಯಾಕೆಟ್ಟು ನೋಡಿದವರಿಗೆ ಗೊತ್ತು. 28 ಮಾತ್ರೆಯಲ್ಲಿ 21 ಗರ್ಭನಿರೋಧಕ, ಉಳಿದ ಏಳು ಬರೀ ಕಬ್ಬಿಣಾಂಶದವು. ಆ ಏಳು ದಿನ ಗರ್ಭನಿರೋಧಕ ಮಾತ್ರೆ ಬೇಕಿಲ್ಲ. ಆದರೂ ಇಟ್ಟಿದ್ದಾರೆ, ಯಾಕೆಂದರೆ ಏಳು ದಿನ ಬಿಟ್ಟು ಎಂಟನೆಯ ದಿನ ನೆನಪಿಟ್ಟುಕೊಂಡು ಶುರು ಮಾಡುವುದಕ್ಕಿಂತ ದಿನಾ ಒಂದು ನುಂಗುವುದು ಸುಲಭ. ಕುಷ್ಠರೋಗಕ್ಕೆ ಹಲವು ಔಷಧಿ ಒಟ್ಟಿಗೆ ಕೊಡುವ ಎಂಡಿಟಿ ಪ್ಯಾಕೂ ಹಾಗೇ. 28 ದಿನಕ್ಕೆ ಒಂದು ಹಾಳೆ, ಮೊದಲ ದಿನದ್ದು ಆರೋಗ್ಯ ಕಾರ್ಯಕರ್ತರ ಎದುರಿಗೆ, ಉಳಿದದ್ದು ಮನೆಯಲ್ಲಿ ದಿನಾ. ಹಾಳೆ ನೋಡಿದರೆ ಸಾಕು, ಇವತ್ತು ಎಷ್ಟನೇ ದಿನ ಅಂತ ತಿಳಿಯುತ್ತದೆ.

ಟಿಬಿಯಲ್ಲೇ ಇನ್ನೊಂದಿತ್ತು, ಅದರ ಬಗ್ಗೆ ನನಗೆ ಬಹಳ ಗೌರವ: ರೋಗಿಗೊಂದು ಪೆಟ್ಟಿಗೆ. ಡಾಟ್ಸ್ ಕಾಲದಲ್ಲಿ ಚಿಕಿತ್ಸೆ ಶುರುವಾದ ದಿನವೇ ಒಬ್ಬ ರೋಗಿಯ ಇಡೀ ಕೋರ್ಸಿನ ಔಷಧಿ ಒಂದು ಪೆಟ್ಟಿಗೆಯಲ್ಲಿ ಎತ್ತಿಟ್ಟು, ಅದರ ಮೇಲೆ ಅವರ ಹೆಸರು ಬರೆಯುತ್ತಿದ್ದರು. ಹೊಸ ರೋಗಿಗೆ ಕೆಂಪು, ಮತ್ತೆ ಚಿಕಿತ್ಸೆಗೆ ಬಂದವರಿಗೆ ನೀಲಿ. ಮೊದಲ ಕೆಲವು ತಿಂಗಳು ಕಳೆದ ಮೇಲೆ ವಾರದ ಒಂದು ಹೊತ್ತು ಎದುರಿಗೆ ನುಂಗಿ, ಉಳಿದದ್ದು ಮನೆಗೆ ಒಯ್ದು, ಮುಂದಿನ ವಾರ ಬರುವಾಗ ಖಾಲಿ ಹಾಳೆ ತಂದು ತೋರಿಸಬೇಕಿತ್ತು. ಖಾಲಿ ಹಾಳೆಯೇ ಸಾಕ್ಷಿ. ಆದರೆ ಪೆಟ್ಟಿಗೆಯ ದೊಡ್ಡ ಗುಣ ಅದಲ್ಲ. ನಿನ್ನ ಮಾತ್ರೆ ನಡುವೆ ಮುಗಿದುಹೋಗುವುದಿಲ್ಲ, ನಿನ್ನ ಹೆಸರಲ್ಲಿ ಎತ್ತಿಟ್ಟಿದೆ ಅಂತ ಸರ್ಕಾರ ರೋಗಿಗೆ ಕೊಟ್ಟ ಮಾತು ಅದು.

ಈಗ 99 ಡಾಟ್ಸ್ ಎಲ್ಲಿ ಸೋಲುತ್ತದೆ ಅಂತಲೂ ಹೇಳಬೇಕು. ಅದು ಎಣಿಸುವುದು ಕರೆಯನ್ನು, ನುಂಗಿದ ಮಾತ್ರೆಯನ್ನಲ್ಲ. ನಮ್ಮ ಚಿಕ್ಕಪ್ಪ ಒಂದು ಸಲ ಹಳ್ಳಿಗೆ ಮದುವೆಗೆ ಹೋಗಿದ್ದರು, ಎರಡು ದಿನ ಸಿಗ್ನಲ್ ಇರಲಿಲ್ಲ, ಮಾತ್ರೆ ತಪ್ಪದೆ ತಗೊಂಡಿದ್ದರು. ಕ್ಯಾಲೆಂಡರಿನಲ್ಲಿ ಮಾತ್ರ ಎರಡೂ ದಿನ ಕೆಂಪು. ಇದಕ್ಕೆ ಉಲ್ಟಾ ಕೂಡ ಆಗಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೆಮ್ಮು ನಿಂತಿತ್ತು, ಮೈಗೆ ಸ್ವಲ್ಪ ಮಾಂಸ ಬಂದಿತ್ತು. “ಕೆಮ್ಮೇ ಇಲ್ಲ, ಇನ್ನು ಯಾಕೆ ಈ ಮಾತ್ರೆ” ಅಂತ ಶುರುವಾಯಿತು. ಒಂದು ಬೆಳಿಗ್ಗೆ ಚಿಕ್ಕಮ್ಮ “ರೀ, ಫೋನ್ ಮಾಡಿದ್ರಾ?” ಅಂದರೆ “ಮಾಡಾಯ್ತು” ಅಂದರು. ಮಾಡಿದ್ದೂ ನಿಜ. ಮೂರು ಮಾತ್ರೆ ಮಾತ್ರ ಕಿಟಕಿಯ ಕಟ್ಟೆ ಮೇಲೆ, ನೀರಿನ ಲೋಟದ ಪಕ್ಕ ಹಾಗೇ ಇದ್ದವು. ಚಿಕ್ಕಮ್ಮ ಬೈಯಲಿಲ್ಲ, ಲೋಟ ಎತ್ತಿ ಅವರ ಕೈಗೆ ಕೊಟ್ಟರು ಅಷ್ಟೇ.

ನಮ್ಮ ದೇಶದಲ್ಲಿ ಮೂತ್ರ ಪರೀಕ್ಷೆ ಮಾಡಿ ಹೋಲಿಸಿ ನೋಡಿದಾಗಲೂ ಕರೆಗೂ ನುಂಗಿದ ಮಾತ್ರೆಗೂ ಹೊಂದಿಕೆಯಾಗದ ದಿನಗಳು ಸಾಕಷ್ಟು ಸಿಕ್ಕಿವೆ. ಫೋನ್ ಮನೆಯಲ್ಲಿ ಒಂದೇ, ಅದು ಮಗನ ಜೊತೆ ಕೆಲಸಕ್ಕೆ ಹೋಗುತ್ತದೆ ಅನ್ನುವಂಥ ಕಾರಣಗಳೇ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಹಾಗಂತ ಕವರು ದಂಡ ಅಲ್ಲ. ಆ ಎರಡು ಕೆಂಪು ದಿನ ನೋಡಿ ಆರೋಗ್ಯ ಕೇಂದ್ರದ ಸಿಸ್ಟರ್ ಫೋನ್ ಮಾಡಿ “ಯಾಕೆ ಅಣ್ಣಾ, ಹುಷಾರಿಲ್ವಾ?” ಅಂತ ಕೇಳಿದರು. ಚಿಕ್ಕಪ್ಪ ಆ ಮಾತನ್ನು ಎಷ್ಟು ಸಲ ಹೇಳಿಕೊಂಡರೋ ಲೆಕ್ಕವಿಲ್ಲ. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಅನ್ನುವುದಕ್ಕೂ ತನ್ನನ್ನು ಯಾರೋ ವಿಚಾರಿಸಿಕೊಳ್ಳುತ್ತಿದ್ದಾರೆ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಕೆಂಪು ಬಣ್ಣ ನೋಡಿ ಫೋನ್ ಮಾಡುವವರು ಇದ್ದರೆ ಮಾತ್ರ 99 ಡಾಟ್ಸ್‌ಗೆ ಅರ್ಥ. ಇಲ್ಲದಿದ್ದರೆ ಅದು ಸುಮ್ನೆ ಒಂದು ರಟ್ಟು.

ಹೀಗೆ ಹೊತ್ತು ತಪ್ಪದೆ ಔಷಧಿ ತಗೊಳ್ಳುವುದಕ್ಕೆ ಇಂಗ್ಲಿಷಿನವರು ಮೊದಲು ‘ಕಂಪ್ಲಯನ್ಸ್’ ಅನ್ನುತ್ತಿದ್ದರು, ಡಾಕ್ಟರು ಹೇಳಿದ್ದಕ್ಕೆ ತಲೆ ಬಾಗುವುದು. ಈಗ ‘ಅಡ್ಹಿಯರೆನ್ಸ್’ ಅನ್ನುತ್ತಾರೆ, ರೋಗಿ ತಾನೇ ಒಪ್ಪಿ ಬಿಡದೆ ನಡೆಸಿಕೊಂಡು ಹೋಗುವುದು. ಕನ್ನಡದಲ್ಲಿ ‘ಔಷಧಿ ಪಾಲನೆ’ ಅಂತ ಬರೆದರೆ ಸರ್ಕಾರಿ ಸುತ್ತೋಲೆಯ ಹಾಗಿರುತ್ತದೆ. ನಮಗೆ ‘ಪಥ್ಯ’ ಅನ್ನುವ ಮಾತಿದೆಯಲ್ಲ, ಊಟದ ವಿಷಯಕ್ಕೆ ಮಾತ್ರ ಬಳಸುತ್ತೇವೆ. ಪಥ್ಯವನ್ನು ರೋಗಿ ಒಬ್ಬರೇ ಮಾಡುವುದಿಲ್ಲ. ಅಡುಗೆ ಮಾಡುವವರು ಬೇರೆ ಸಾರು ಮಾಡಬೇಕು, ಮಕ್ಕಳು ಎದುರಿಗೆ ಕೂತು ಕರಿದದ್ದು ತಿನ್ನಬಾರದು, ಇಡೀ ಮನೆ ಸೇರಿ ಮಾಡುವ ಕೆಲಸ ಅದು. ಮಾತ್ರೆಯ ವಿಷಯಕ್ಕೂ ಈ ಮಾತನ್ನೇ ಹಿಗ್ಗಿಸಿಕೊಂಡರೆ ಏನು ತಪ್ಪು ಅಂತ ನನ್ನ ಆಸೆ.

ಇನ್ನೊಂದು ಮಾತು ಇಲ್ಲಿ ಹೇಳದಿದ್ದರೆ ಅನ್ಯಾಯ. ಹೊತ್ತು ತಪ್ಪಿದರೆ ನಾವು ತಕ್ಷಣ ರೋಗಿಯ ಕಡೆ ನೋಡುತ್ತೇವೆ. 2024ರ ಮಾರ್ಚ್‌ನಲ್ಲಿ ಟಿಬಿ ಔಷಧಿ ಬರುವುದು ತಡವಾಗಬಹುದು, ಮೂರು ತಿಂಗಳಿಗೆ ಬೇಕಾದದ್ದನ್ನು ಅಲ್ಲಲ್ಲೇ ಕೊಂಡುಕೊಳ್ಳಿ ಅಂತ ಕೇಂದ್ರ ಸರ್ಕಾರವೇ ರಾಜ್ಯಗಳಿಗೆ ಬರೆದಿತ್ತು. ಮಾತ್ರೆಯೇ ಇಲ್ಲದ ದಿನ ರೋಗಿ ಯಾವ ನಂಬರಿಗೆ ಕರೆ ಮಾಡಬೇಕು? ಹೆಸರು ಬರೆದ ಆ ಪೆಟ್ಟಿಗೆ ನನಗೆ ಮತ್ತೆ ಮತ್ತೆ ನೆನಪಾಗುವುದು ಇದಕ್ಕೇ. ಅರ್ಧಕ್ಕೆ ನಿಂತ ಚಿಕಿತ್ಸೆ ಟಿಬಿಯಲ್ಲಿ ಬಹಳ ಅಪಾಯ. ಉಳಿದ ರೋಗಾಣುಗಳು ರಿಫಾಂಪಿಸಿನ್, ಐಸೋನಿಯಾಜಿಡ್‌ನಂಥ ಒಳ್ಳೆಯ ಔಷಧಿಗಳಿಗೇ ಬಗ್ಗದಂತೆ ಬೆಳೆದುಬಿಡಬಹುದು.

ನಿಮ್ಮ ಮನೆಯಲ್ಲಿ ಯಾರಾದರೂ ಈಗ ಟಿಬಿ ಮಾತ್ರೆ ತಗೊಳ್ಳುತ್ತಿದ್ದರೆ ಎರಡು ವಿಷಯ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್‌ನ ಬಣ್ಣ. ಚಿಕ್ಕಪ್ಪ ಮೊದಲ ದಿನ ರಕ್ತ ಅಂದುಕೊಂಡು ಮಾತ್ರೆ ಬಿಡಲು ಹೊರಟಿದ್ದರು, ಕೊಡುವಾಗಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಆ ಗಾಬರಿ ಇರುತ್ತಿರಲಿಲ್ಲ. ಒಂದು ದಿನ ತಪ್ಪಿಹೋದರೆ ಮರುದಿನ ಎರಡು ದಿನದ್ದು ಒಟ್ಟಿಗೆ ನುಂಗಬೇಡಿ, ಆ ದಿನದ್ದು ಮಾತ್ರ ತಗೊಂಡು ಕೇಂದ್ರದವರಿಗೆ ತಿಳಿಸಿ. ಮಾತ್ರೆ ಸಿಗುತ್ತಿಲ್ಲ, ವಾಂತಿ ಬರುತ್ತಿದೆ, ಕಣ್ಣು ಹಳದಿಯಾಗಿದೆ ಅಂದರೆ ಸುಮ್ಮನಿರಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ನಿಕ್ಷಯ್ ಸಹಾಯವಾಣಿಯೂ ಇದೆ, 1800-11-6666, ದುಡ್ಡು ಹೋಗುವುದಿಲ್ಲ.