ಗಾಜಿಗೆ ತಡೆದು ನಿಂತ ಸಿಗ್ನಲ್

ಆ ಮನೆಯ ಅಜ್ಜಿ ಫೋನ್ ರಿಂಗಾದ ಕೂಡಲೇ ಕುರ್ಚಿಯಿಂದ ಎದ್ದು ಮೆಟ್ಟಿಲಿನತ್ತ ಹೊರಡುತ್ತಿದ್ದರು. ಮೆಟ್ಟಿಲು ತಿರುಗುವ ಜಾಗದಲ್ಲಿ ಗೋಡೆಗೆ ಒರಗಿ ನಿಂತರೆ ಮಾತ್ರ ಮಗಳ ದನಿ ಸರಿಯಾಗಿ ಕೇಳುತ್ತಿತ್ತು. ಮಂಡಿನೋವು ಬೇರೆ. ನಾನು ಹೋಗುವ ಹೊತ್ತಿಗೆ ಮನೆಯವರು ಮೊಬೈಲ್ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಪೆಟ್ಟಿಗೆ ಕೊಳ್ಳುವುದೆಂದು ತೀರ್ಮಾನಿಸಿಯಾಗಿತ್ತು. ಯಾವುದನ್ನು ಕೊಳ್ಳಬೇಕೆಂದು ಹೇಳುವುದಷ್ಟೇ ನನ್ನ ಪಾಲಿಗೆ ಉಳಿದಿದ್ದ ಕೆಲಸ. ನಾನು ಒಂದು ಬಿಳಿ ಹಾಳೆ ಕೇಳಿದೆ. ಮನೆಯ ನಕ್ಷೆಯನ್ನು ಅಂದಾಜಿನಲ್ಲಿ ಗೀಚಿಕೊಂಡು, ಫೋನ್ ಹಿಡಿದು ಕೋಣೆಯಿಂದ ಕೋಣೆಗೆ ನಡೆಯುತ್ತ, ಒಂದೊಂದು ಜಾಗದಲ್ಲೂ ಅರ್ಧ ನಿಮಿಷ ನಿಂತು ಫೋನ್ ತೋರಿಸಿದ ಸಿಗ್ನಲ್‌ನ ಸಂಖ್ಯೆ ಬರೆದುಕೊಂಡೆ.

ನೆಟ್‌ವರ್ಕ್ ಕೆಲಸದಲ್ಲಿರುವ ನಾವು ಪರದೆಯ ಮೇಲಿನ ಕಡ್ಡಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ತಯಾರಕರು ತಮ್ಮ ತಮ್ಮ ಲೆಕ್ಕದಂತೆ ತೋರಿಸುತ್ತಾರೆ. ನೋಡಬೇಕಾದದ್ದು ಸಿಗ್ನಲ್ಲಿನ ಬಲ ಹೇಳುವ ಡಿಬಿಎಂ (dBm) ಎಂಬ ಅಳತೆಯನ್ನು. ಬಹುತೇಕ ಆಂಡ್ರಾಯ್ಡ್ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ಇರುವ ಪುಟದಲ್ಲಿ, ಸಿಮ್ ಸ್ಥಿತಿಯ ಕೆಳಗೆ ಅದು ಸಿಗುತ್ತದೆ. ಐಫೋನ್‌ನಲ್ಲಿ *3001#12345#* ಎಂದು ಒತ್ತಿ ಕರೆ ಮಾಡಿದರೆ ಪರೀಕ್ಷಾ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಆರ್‌ಎಸ್‌ಆರ್‌ಪಿ (RSRP) ಎಂಬ ಸಾಲನ್ನು ಹುಡುಕಿ, ಟವರಿನಿಂದ ಬಂದ ಸಿಗ್ನಲ್ಲಿನ ಬಲ ಅಲ್ಲಿರುತ್ತದೆ. ಸಂಖ್ಯೆ ಯಾವಾಗಲೂ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಮೈನಸ್ 110ಕ್ಕೆ ಇಳಿದರೆ ಮಾತು ತುಂಡಾಗತೊಡಗುತ್ತದೆ. ಮೈನಸ್ 120ರ ಹತ್ತಿರ ಕರೆ ಉಳಿಯುವುದೇ ಕಷ್ಟ. 10 ಅಂಕ ಇಳಿಯಿತೆಂದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. 20 ಇಳಿದರೆ ನೂರರಲ್ಲಿ ಒಂದು ಪಾಲು.

ಆ ಮನೆಯ ಬಾಲ್ಕನಿಯಲ್ಲಿ ನನಗೆ ಸಿಕ್ಕಿದ್ದು ಮೈನಸ್ 84. ಗಾಜಿನ ಜಾರುಬಾಗಿಲು ಎಳೆದುಕೊಂಡು ಒಳಗೆ ಎರಡು ಹೆಜ್ಜೆ ಇಟ್ಟರೆ ಮೈನಸ್ 109. ಎಂದರೆ ಬೀದಿಯವರೆಗೆ ಚೆನ್ನಾಗಿಯೇ ಬಂದ ಸಿಗ್ನಲ್‌ನಲ್ಲಿ ಮುನ್ನೂರರಲ್ಲಿ ಒಂದು ಪಾಲಷ್ಟೇ ಒಳಗೆ ಬಂದಿತ್ತು. ಬಾಗಿಲನ್ನು ಒಂದು ಗೇಣು ತೆರೆದೆ; ಮೈನಸ್ 95. ತಡೆ ಇದ್ದದ್ದು ಗಾಜಿನಲ್ಲಿ. ಮನೆ ತಂಪಾಗಿರಲೆಂದು ಹಾಕಿಸಿದ್ದ ಆ ಹೊಸ ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪವಿರುತ್ತದೆ. ಶಾಖವನ್ನು ಹಿಂದಕ್ಕೆ ಕಳಿಸುವ ಲೇಪ ರೇಡಿಯೋ ತರಂಗವನ್ನೂ ಹಿಂದಕ್ಕೆ ಕಳಿಸುತ್ತದೆ. ಮೆಟ್ಟಿಲ ತಿರುವಿನಲ್ಲಿ ಮಾತ್ರ ಹಳೆಯ ಸಾದಾ ಗಾಜಿನ ಪುಟ್ಟ ಕಿಟಕಿ ಉಳಿದುಕೊಂಡಿತ್ತು. ಯಾವ ಅಳತೆಯೂ ಇಲ್ಲದೆ ಅಜ್ಜಿ ಮನೆಯ ಅತ್ಯುತ್ತಮ ಜಾಗವನ್ನು ಹುಡುಕಿಕೊಂಡಿದ್ದರು.

ಇದಕ್ಕೇ ನಾನು ಹಾಳೆ ಕೇಳುವುದು. ಸಿಗ್ನಲ್ ಇಲ್ಲ ಎನ್ನುವ ಮನೆಗಳಲ್ಲಿ ಹೆಚ್ಚಿನವಕ್ಕೆ ಬಾಗಿಲವರೆಗೆ ಸಿಗ್ನಲ್ ಬಂದೇ ಇರುತ್ತದೆ, ಒಳಗೆ ಬರಲು ಅದಕ್ಕೆ ದಾರಿ ಇರುವುದಿಲ್ಲ. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್, ತಗಡಿನ ಛಾವಣಿ, ಅಲ್ಯೂಮಿನಿಯಂ ಹಾಳೆ ಅಂಟಿಸಿದ ಶಾಖನಿರೋಧಕ, ಗೋಡೆಯುದ್ದದ ಕನ್ನಡಿ ಎಲ್ಲವೂ ತಡೆಯೇ. ಮರ ಮತ್ತು ಸಾದಾ ಗಾಜು ಅಷ್ಟಾಗಿ ಕಾಡುವುದಿಲ್ಲ. 4ಜಿಗೂ ಬಳಸುವ 700ರಿಂದ 900 ಮೆಗಾಹರ್ಟ್ಸ್‌ನ ತರಂಗಗಳು ಗೋಡೆ ದಾಟುವಷ್ಟು ಸಲೀಸಾಗಿ 5ಜಿಗೆ ಹೆಚ್ಚಾಗಿ ಬಳಸುವ 3500 ಮೆಗಾಹರ್ಟ್ಸ್‌ನವು ದಾಟುವುದಿಲ್ಲ. ಆದ್ದರಿಂದ ಮನೆಯೊಳಗೆ 5ಜಿ ಬಂದುಹೋಗುತ್ತಿದ್ದರೆ ಫೋನನ್ನು 4ಜಿಗೆ ನಿಲ್ಲಿಸಿ ನೋಡಿ, ಕರೆ ಸುಧಾರಿಸುವುದುಂಟು.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ಸಾಮಾನ್ಯ 4ಜಿ ಫೋನ್ ಹೆಚ್ಚೆಂದರೆ 0.2 ವಾಟ್. ಅದಕ್ಕೇ ಆ ಕಡೆಯವರ ಮಾತು ನಮಗೆ ಸ್ಪಷ್ಟವಾಗಿ ಕೇಳುತ್ತಿರುವಾಗಲೂ ನಮ್ಮ ಮಾತು ಅವರಿಗೆ ತಲುಪದಿರಬಹುದು. ಸಿಗ್ನಲ್ ಕ್ಷೀಣವಾದಷ್ಟೂ ಫೋನ್ ತನ್ನ ಶಕ್ತಿಯನ್ನೆಲ್ಲ ಹಾಕಿ ಕೂಗುತ್ತದೆ. ಕೈ ಬಿಸಿಯಾಗುವುದೂ ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುವುದೂ ಅದರಿಂದಲೇ. ಫೋನಿನ ಹಿಂಬದಿಗೆ ಅಂಟಿಸುವ ಸಿಗ್ನಲ್ ಸ್ಟಿಕ್ಕರ್‌ಗಳು ಇದ್ಯಾವುದನ್ನೂ ಬದಲಿಸುವುದಿಲ್ಲ, ಅವುಗಳಿಗೆ ದುಡ್ಡು ಸುರಿಯಬೇಡಿ.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಮೊದಲ ಔಷಧ ವೈ-ಫೈ ಕಾಲಿಂಗ್. ಮೊಬೈಲ್ ಕಂಪನಿಯೂ ಫೋನೂ ಅದನ್ನು ಬೆಂಬಲಿಸಿದರೆ ಸಾಕು, ಸೆಟ್ಟಿಂಗ್ಸ್‌ನಲ್ಲಿ ಒಂದು ಗುಂಡಿ ಒತ್ತುವಷ್ಟೇ ಕೆಲಸ. ನಿಮ್ಮ ನಂಬರಿಗೇ ಕರೆ ಬರುತ್ತದೆ, ಟವರ್ ಬದಲು ಇಂಟರ್ನೆಟ್ ಮೂಲಕ ಬರುತ್ತದೆ, ಅಷ್ಟೇ. ಇಷ್ಟು ಸುಲಭದ ಪರಿಹಾರ ಕೈಯಲ್ಲೇ ಇದ್ದರೂ ಅದು ಗೊತ್ತಿಲ್ಲದೆ ವರ್ಷಗಟ್ಟಲೆ ಟೆರೇಸ್ ಹತ್ತಿ ಮಾತನಾಡಿದವರನ್ನು ಕಂಡು ಸಂಕಟಪಟ್ಟಿದ್ದೇನೆ. ಬ್ರಾಡ್‌ಬ್ಯಾಂಡ್ ಇಲ್ಲದಿದ್ದರೆ ಸಿಮ್ ಹಾಕುವ 4ಜಿ ರೂಟರ್ ತಂದು, ನಿಮ್ಮ ಹಾಳೆಯಲ್ಲಿ ಒಳ್ಳೆಯ ಸಂಖ್ಯೆ ಕಂಡ ಕಿಟಕಿಯ ಬಳಿಯಿಡಿ. ಟವರ್ ಜೊತೆಗಿನ ಮಾತುಕತೆಯನ್ನು ಅದು ನೋಡಿಕೊಳ್ಳುತ್ತದೆ, ಒಳಕೋಣೆಗಳಿಗೆ ವೈ-ಫೈ ಹೋಗುತ್ತದೆ. ಇಟ್ಟ ಮೇಲೂ ಅಂಗೈಯಗಲ ಅತ್ತಿತ್ತ ಸರಿಸಿ ನೋಡಿ. 1800 ಮೆಗಾಹರ್ಟ್ಸ್‌ನ ಒಂದು ತರಂಗದ ಉದ್ದ ಸುಮಾರು 17 ಸೆಂಟಿಮೀಟರ್. ಗೋಡೆಗಳಿಗೆ ಬಡಿದು ಬಂದ ತರಂಗಗಳು ಒಂದನ್ನೊಂದು ಅಳಿಸಿಹಾಕುವ ಜಾಗಕ್ಕೂ ಸೇರಿ ಬಲಗೊಳ್ಳುವ ಜಾಗಕ್ಕೂ ನಡುವೆ ನಾಲ್ಕೈದು ಬೆರಳಿನಷ್ಟೇ ಅಂತರವಿರಬಹುದು.

ಬೂಸ್ಟರ್ ನನ್ನ ಪಟ್ಟಿಯಲ್ಲಿ ಕೊನೆಯದು. ಹೊರಗಿನ ಆಂಟೆನಾ ಹಿಡಿದದ್ದನ್ನು ಅದು ಹಿಗ್ಗಿಸಿ ಒಳಗಿನ ಆಂಟೆನಾಕ್ಕೆ ಕೊಡುತ್ತದೆ, ಹೊರಗೇ ಸಿಗ್ನಲ್ ಇಲ್ಲದಿದ್ದರೆ ಹಿಗ್ಗಿಸಲು ಏನೂ ಇರುವುದಿಲ್ಲ. ಎರಡು ಆಂಟೆನಾಗಳ ನಡುವೆ ಸಾಕಷ್ಟು ತಡೆ ಇಲ್ಲದಿದ್ದರಂತೂ ಮೈಕನ್ನು ಸ್ಪೀಕರ್ ಮುಂದೆ ಹಿಡಿದಂತೆಯೇ. ತಾನು ಕಳಿಸಿದ್ದನ್ನು ತಾನೇ ಮತ್ತೆ ಹಿಡಿದು ಕಿರುಚತೊಡಗುತ್ತದೆ. ಒಮ್ಮೆ ಇಡೀ ಬಡಾವಣೆಯ ಕರೆಗಳು ಕಡಿದುಬೀಳುತ್ತಿದ್ದಾಗ, ದಿಕ್ಕು ತೋರಿಸುವ ಆಂಟೆನಾ ಹಿಡಿದು ಬೀದಿ ಬೀದಿ ಸುತ್ತಿ ನಾವು ತಲುಪಿದ್ದು ಒಂದು ಮನೆಯ ಮಾಳಿಗೆಯನ್ನು. ಎರಡೂ ಆಂಟೆನಾಗಳನ್ನು ಒಂದೇ ಕಂಬಕ್ಕೆ ಕಟ್ಟಿದ್ದರು. ಆ ಪೆಟ್ಟಿಗೆಯ ಗದ್ದಲದಲ್ಲಿ ಟವರ್‌ಗೆ ಉಳಿದ ಫೋನ್‌ಗಳ ದನಿ ಕೇಳುತ್ತಲೇ ಇರಲಿಲ್ಲ. ಪ್ಲಗ್ ಕಿತ್ತ ಕೂಡಲೇ ಬಡಾವಣೆ ಸರಿಹೋಯಿತು. ಹಲವು ದೇಶಗಳಲ್ಲಿ ಅನುಮತಿಯಿಲ್ಲದೆ ಬೂಸ್ಟರ್ ಹಾಕುವುದು ಅಪರಾಧ. ಆದ್ದರಿಂದ ಮೊದಲು ನಿಮ್ಮ ಮೊಬೈಲ್ ಕಂಪನಿಯನ್ನೇ ಲಿಖಿತವಾಗಿ ಕೇಳಿ, ನಿಮ್ಮ ಹಾಳೆಯ ಸಂಖ್ಯೆಗಳನ್ನೂ ಜೊತೆಗಿಡಿ. ಸಂಖ್ಯೆಗಳಿರುವ ದೂರಿನ ಮೇಲೆ ಎಂಜಿನಿಯರ್‌ ಕೂಡಲೇ ಕೆಲಸ ಶುರುಮಾಡಬಹುದು.

ಸಂಖ್ಯೆ ಚೆನ್ನಾಗಿದ್ದೂ ಸಂಜೆಯ ಹೊತ್ತು ಮಾತ್ರ ಇಂಟರ್ನೆಟ್ ತೆವಳುತ್ತಿದ್ದರೆ, ಬಹುಮಟ್ಟಿಗೆ ಅದು ಟವರಿನ ದಟ್ಟಣೆ. ಮನೆಯೊಳಗೆ ಏನು ಜೋಡಿಸಿದರೂ ಅದು ಕರಗುವುದಿಲ್ಲ.

ಅಜ್ಜಿಯ ಮನೆಯಲ್ಲಿ ಬೂಸ್ಟರ್ ಬೇಕಾಗಲಿಲ್ಲ. ಮೂಲೆಯ ಕಪಾಟಿನೊಳಗಿದ್ದ ರೂಟರನ್ನು ಹಜಾರದ ನಡುವಿಗೆ ತಂದು, ಅವರ ಫೋನಿನಲ್ಲಿ ವೈ-ಫೈ ಕಾಲಿಂಗ್ ಆನ್ ಮಾಡಿದೆವು. ಕರೆಂಟ್ ಹೋದರೆ ರೂಟರ್ ಆರಿ ಕರೆಯೂ ನಿಲ್ಲುತ್ತದೆ, ಆದ್ದರಿಂದ ಅದಕ್ಕೊಂದು ಚಿಕ್ಕ ಯುಪಿಎಸ್ ಜೋಡಿಸಿದೆವು. ಬ್ಯಾಟರಿಯೂ ಮುಗಿದ ರಾತ್ರಿ ಡಾಕ್ಟರನ್ನು ಕರೆಯಬೇಕಾಗಿ ಬಂದರೆ? ಹಾಳೆಯಲ್ಲಿ ಆ ಪುಟ್ಟ ಕಿಟಕಿಯ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಮನೆಯ ಎಲ್ಲರಿಗೂ ಅಲ್ಲಿ ನಿಂತು ಒಂದೊಂದು ಕರೆ ಮಾಡಿಸಿದೆ. ಹಾಳೆ ಈಗ ಅವರ ಫ್ರಿಜ್ಜಿನ ಬಾಗಿಲ ಮೇಲಿದೆ.